ಕಾಕಾನ ಹೆಗಲ ಮೇಲೆ ಸದ್ದಿನ ಮೀಟರ್

ದೀಪಾವಳಿ ಸಂಜೆ ಕಾಕು, ಅಂದರೆ ಕಾಕಾನ ಹೆಂಡತಿ, ಅಂಗಳದಿಂದ ಕೂಗಿದರು, "ಸಾಲು ನೋಡ್ರಿ, ಸೊಟ್ಟ ಆಗೇದ." ಕಾಕಾ ಎದ್ದು ಸೀದಾ ಅಡುಗೆಮನೆಗೆ ಹೋದರು. ಗ್ಯಾಸ್ ಆರಿಸಲು ಕೈ ಚಾಚಿದರು. ಒಲೆಯ ಮೇಲೆ ಪಾತ್ರೆಯೇ ಇರಲಿಲ್ಲ. ಕಾಕು ಹೇಳಿದ್ದು ಪಣತಿಗಳ ಸಾಲು. ಕಾಕಾಗೆ ಕೇಳಿಸಿದ್ದು ಹಾಲು.

ಕಾಕಾ ಪುಣೆಯ ಹೊರಗೆ, ಚಾಕಣ ಕಡೆಯ ಒಂದು ಕಾರ್ಖಾನೆಯ ಫೈರ್ ಸ್ಟೇಷನ್‌ನಲ್ಲಿ 26 ವರ್ಷದಿಂದ ಡ್ರೈವರ್. ಜೊತೆಗೆ ಪಂಪ್ ಆಪರೇಟರ್. ಅಂದರೆ ಕಾಲ್ ಬಂದಾಗ ಸೈರನ್ ಹಾಕಿಕೊಂಡು ಗಾಡಿ ಓಡಿಸುವವರೂ ಅವರೇ. ಬೆಂಕಿಯ ಜಾಗ ತಲುಪಿದ ಮೇಲೆ ಪಂಪ್ ಪ್ಯಾನೆಲ್ ಮುಂದೆ ನಿಂತು ಒತ್ತಡ ನೋಡಿಕೊಳ್ಳುವವರೂ ಅವರೇ. ಉಳಿದವರು ಒಳಗೆ ಹೋಗುತ್ತಾರೆ, ಬರುತ್ತಾರೆ. ಕಾಕಾ ಮಾತ್ರ ಎಂಜಿನ್ ಪಕ್ಕ ಬಿಟ್ಟು ಕದಲುವ ಹಾಗಿಲ್ಲ.

'ಸ' ಅಕ್ಷರದ ಸದ್ದು ಬಹುಪಾಲು 4,000 ಹರ್ಟ್ಸ್‌ಗಿಂತ ಮೇಲೆ ಇರುತ್ತದೆ. ಸ್ವರಗಳು ಅದಕ್ಕಿಂತ ತುಂಬ ಕೆಳಗೆ. ಗದ್ದಲದಿಂದ ಕಿವಿ ಕೆಡುವಾಗ ಮೊದಲು ಪೆಟ್ಟು ಬೀಳುವುದು 3,000ದಿಂದ 6,000 ಹರ್ಟ್ಸ್ ನಡುವೆ. ಅದಕ್ಕೇ ಇಂಥವರಿಗೆ ಮಾತು ಕೇಳುತ್ತದೆ, ಆದರೆ ಯಾವ ಮಾತು ಅಂತ ಗೊತ್ತಾಗುವುದಿಲ್ಲ. ಸಾಲು, ಹಾಲು, ಕಾಲು ಮೂರೂ ಒಂದೇ ಆಗಿಬಿಡುತ್ತವೆ. ಒಳಕಿವಿಯಲ್ಲಿ ಸದ್ದನ್ನು ಹಿಡಿಯುವ ಕೂದಲಿನಂಥ ಜೀವಕೋಶಗಳು ಒಮ್ಮೆ ಸತ್ತರೆ ಮನುಷ್ಯರಲ್ಲಿ ಮತ್ತೆ ಹುಟ್ಟುವುದಿಲ್ಲ. ಇದು ಗೊತ್ತಿದ್ದರಿಂದಲೇ ನನಗೆ ಆ ರಾತ್ರಿ ಸುಮ್ನೆ ಕೂರಲು ಆಗಲಿಲ್ಲ. ಹೋದದ್ದು ಹೋಯಿತು. ಉಳಿದದ್ದನ್ನು ಯಾವ ಸದ್ದು ತಿನ್ನುತ್ತಿದೆ ಅಂತ ನೋಡಬೇಕಿತ್ತು.

ಕಾಕಾನನ್ನು ಕೇಳಿದರೆ, "ಸೈರನ್ ಬಿಡು ತಮ್ಮಾ, ಮತ್ತೇನೈತಿ" ಅಂದರು. ಸ್ಟೇಷನ್ನಿನ ಎಲ್ಲರ ಉತ್ತರವೂ ಅದೇ. ಐದು ತಿಂಗಳಾದ ಮೇಲೆ ನಮಗೆ ಸಿಕ್ಕ ಉತ್ತರ ಬೇರೆ. ಅದಕ್ಕೇ ಇದನ್ನು ಬರೆದಿಡುತ್ತಿದ್ದೇನೆ.

ಏನನ್ನು ಅಳೆಯಬೇಕು

ಬರೀ ಡೆಸಿಬೆಲ್ ತೋರಿಸುವ ಮೀಟರ್ ಸಾಲದು. ಎಷ್ಟು ಸದ್ದು, ಎಷ್ಟು ಹೊತ್ತು, ಎರಡೂ ಸೇರಬೇಕು. ಅದಕ್ಕೆ ಡೋಸ್ ಅನ್ನುತ್ತಾರೆ. ದಿನಕ್ಕೆ ಕಿವಿ ತಾಳಬಹುದಾದ ಪಾಲು 100 ಅಂದುಕೊಳ್ಳಿ. ಕೆಲಸದ ಜಾಗದ ಸುರಕ್ಷತೆ, ಆರೋಗ್ಯದ ಬಗ್ಗೆ ಸಂಶೋಧನೆ ಮಾಡುವ ಅಮೆರಿಕದ ನಿಯೋಶ್ ಸಂಸ್ಥೆಯ ಲೆಕ್ಕದಲ್ಲಿ 85 ಡೆಸಿಬೆಲ್ ಸದ್ದಿನಲ್ಲಿ 8 ಗಂಟೆ ಇದ್ದರೆ ಆ 100 ಮುಗಿಯುತ್ತದೆ. ಸದ್ದು 3 ಡೆಸಿಬೆಲ್ ಏರಿದರೆ ಶಕ್ತಿ ಎರಡು ಪಟ್ಟು. ಹಾಗಾಗಿ ಸಮಯ ಅರ್ಧ. 88ಕ್ಕೆ 4 ಗಂಟೆ, 94ಕ್ಕೆ 1 ಗಂಟೆ, 100ಕ್ಕೆ 15 ನಿಮಿಷ.

ನಮ್ಮ ದೇಶದ ಕಾರ್ಖಾನೆ ನಿಯಮಗಳ ಕೋಷ್ಟಕ ಇಷ್ಟು ಬಿಗಿ ಇಲ್ಲ. ಅಲ್ಲಿ 90 ಡೆಸಿಬೆಲ್‌ಗೆ 8 ಗಂಟೆ, 95ಕ್ಕೆ 4, 100ಕ್ಕೆ 2. 115 ಆದರೆ ಕಾಲು ಗಂಟೆ. ಗದ್ದಲದಿಂದ ಬರುವ ಕಿವುಡು 1948ರ ಕಾರ್ಖಾನೆ ಕಾಯ್ದೆಯ ಮೂರನೇ ಪರಿಶಿಷ್ಟದಲ್ಲೇ ಇತ್ತು, 2025ರಲ್ಲಿ ಅದರ ಜಾಗಕ್ಕೆ ಬಂದ ಸಂಹಿತೆಯ ಪಟ್ಟಿಯಲ್ಲೂ ಇದೆ. ಅಂದರೆ ಕಂಡುಬಂದರೆ ತಿಳಿಸಲೇಬೇಕಾದ ಕಾಯಿಲೆ. ನಾನು ಎರಡೂ ಲೆಕ್ಕ ಹಾಕಿದೆ. ಆದರೆ ತೀರ್ಮಾನಕ್ಕೆ ನಿಯೋಶ್ ಲೆಕ್ಕವನ್ನೇ ಹಿಡಿದೆ. ಕಿವಿ ಕೇಳುವುದು ಶಕ್ತಿಯ ಮಾತನ್ನು, ಕೋಷ್ಟಕದ ಮಾತನ್ನಲ್ಲ.

ಫೋನ್ ಸಾಲದೇ ಅಂತ ನೀವು ಕೇಳಬಹುದು. ನಿಯೋಶ್‌ನವರದೇ ಒಳ್ಳೆಯ ಆ್ಯಪ್ 2017ರಿಂದ ಇದೆ, ಆದರೆ ಅದು ಐಫೋನ್‌ಗೆ ಮಾತ್ರ. ಕಾಕಾನ ಫೋನ್ ಆಂಡ್ರಾಯ್ಡ್, ಅದೂ ಪ್ಯಾಂಟಿನ ಜೇಬಿನಲ್ಲಿ. ಕಿವಿಯ ಹತ್ತಿರದ ಸದ್ದು ಬೇಕಿದ್ದರೆ ಮೈಕ್ ಹೆಗಲ ಮೇಲೇ ಇರಬೇಕು. ಕಿವಿಯ ತೂತಿನಿಂದ ಕನಿಷ್ಠ 10 ಸೆಂಟಿಮೀಟರ್ ದೂರ, ಹೆಗಲಿನಿಂದ ಸುಮಾರು 4 ಸೆಂಟಿಮೀಟರ್ ಎತ್ತರ, ಜಾಸ್ತಿ ಸದ್ದು ಬೀಳುವ ಕಿವಿಯ ಕಡೆ. ಮಾಪನದ ಅಂತರರಾಷ್ಟ್ರೀಯ ಮಾನದಂಡ ಹೇಳುವುದು ಹೀಗೆ. ಇದಕ್ಕೆಂದೇ ಮಾಡಿದ ಡೋಸಿಮೀಟರ್‌ಗಳು ಸಿಗುತ್ತವೆ, ಆದರೆ ಬೆಲೆ ನನ್ನ ಕೈಗೆ ಎಟುಕುವಂಥದ್ದಲ್ಲ.

ಮೊದಲ ಪೆಟ್ಟಿಗೆ

ಬುಧವಾರ ಪೇಟೆಯ ತಾಪ್ಕೀರ್ ಗಲ್ಲಿಯಲ್ಲಿ ಒಂದು ಶನಿವಾರ ಸುತ್ತಾಡಿ ಸಾಮಾನು ತಂದೆ. ಪುಟ್ಟ ಕಂಪ್ಯೂಟರ್‌ನಂಥ ಇಎಸ್‌ಪಿ32 ಬೋರ್ಡ್, ಐಎನ್‌ಎಂಪಿ441 ಡಿಜಿಟಲ್ ಮೈಕ್, ದಾಖಲೆ ಬರೆದಿಡಲು ಮೈಕ್ರೋ ಎಸ್‌ಡಿ ಕಾರ್ಡ್ ಮಾಡ್ಯೂಲ್, ಗಡಿಯಾರಕ್ಕೆ ಡಿಎಸ್3231, 1,000 ಮಿಲಿಆಂಪ್‌ಅವರ್‌ನ ಲಿಥಿಯಂ ಬ್ಯಾಟರಿ, ಅದನ್ನು ಚಾರ್ಜ್ ಮಾಡುವ ಟಿಪಿ4056. ಸೆಕೆಂಡಿಗೆ 48,000 ಸಲ ಮೈಕನ್ನು ಓದುವುದು. ಕಿವಿ ಕೇಳುವ ರೀತಿಗೆ ಹೊಂದಿಸುವ ಎ ಫಿಲ್ಟರ್ ಹಾಯಿಸುವುದು. ಪ್ರತಿ ಸೆಕೆಂಡಿನ ಸರಾಸರಿ ಶಕ್ತಿ ತೆಗೆದು ಒಂದು ಸಂಖ್ಯೆ ಬರೆಯುವುದು. ಇಷ್ಟೇ ಕೆಲಸ.

ಒಂದು ವಿಷಯವನ್ನು ಮೊದಲೇ ಗಟ್ಟಿ ಮಾಡಿಕೊಂಡೆ. ಪೆಟ್ಟಿಗೆ ಧ್ವನಿಯನ್ನು ಉಳಿಸಿಕೊಳ್ಳುವುದಿಲ್ಲ, ಸಂಖ್ಯೆಯನ್ನು ಮಾತ್ರ. ಹೆಗಲ ಮೇಲೆ ಮೈಕ್ ಕಂಡ ಕೂಡಲೇ ಕಾಕಾನ ಜೊತೆಯವರು ದೂರ ಸರಿದು ಮಾತಾಡತೊಡಗಿದ್ದರು. ಅದು ಸಹಜ. ಸ್ಟೇಷನ್ ಆಫೀಸರ್ ಸಾಹೇಬರು ಒಪ್ಪಿಗೆ ಕೊಡುವಾಗ ಹಾಕಿದ ಮೊದಲ ಷರತ್ತೂ ಅದೇ. ಕಾರ್ಡನ್ನು ಲ್ಯಾಪ್‌ಟಾಪ್‌ಗೆ ಹಾಕಿ, ಎಲ್ಲರ ಎದುರಿಗೇ ಫೈಲ್ ತೆರೆದು ತೋರಿಸಿದೆ. ಸಮಯ, ಡೆಸಿಬೆಲ್, ಆ ಸೆಕೆಂಡಿನ ಗರಿಷ್ಠ ಮಟ್ಟ. ಮೂರೇ ಕಾಲಂ. ಸೆಕೆಂಡಿಗೊಂದು ಸಂಖ್ಯೆಯಿಂದ ಯಾರ ಮಾತನ್ನೂ ಮರಳಿ ಕಟ್ಟಲು ಆಗುವುದಿಲ್ಲ. ಅದನ್ನು ನೋಡಿದ ಮೇಲೆ ಚಹಾದ ಹೊತ್ತಿಗೆ ಎಲ್ಲರೂ ಮತ್ತೆ ಒಟ್ಟಿಗೆ ಕೂತರು.

ಎರಡನೇ ಷರತ್ತು ನನ್ನದೇ. ಲಿಥಿಯಂ ಬ್ಯಾಟರಿಯ ಈ ಪೆಟ್ಟಿಗೆಯನ್ನು ಯಾರೂ ಬೆಂಕಿಯ ಒಳಗೆ ಒಯ್ಯಬಾರದು. ಗ್ಯಾಸ್ ಸೋರಿಕೆಯ ಕಾಲ್ ಇದ್ದರೆ ಸ್ಟೇಷನ್‌ನಲ್ಲೇ ಬಿಚ್ಚಿಟ್ಟು ಹೋಗಬೇಕು. ಬಿಸಿಗೂ ಕಿಡಿಗೂ ಪರೀಕ್ಷೆ ಆಗದ ವಸ್ತು ಅದು. ಇದನ್ನು ನೋಡಿ ನೀವೂ ಮಾಡುವುದಾದರೆ ಈ ಒಂದು ಮಾತನ್ನು ದಯವಿಟ್ಟು ಸಡಿಲ ಮಾಡಬೇಡಿ. ಕಾಕಾ ಪಂಪ್ ಬಳಿಯೇ ನಿಲ್ಲುವವರಾದ್ದರಿಂದ ನಮಗೆ ಇದು ಸಾಧ್ಯವಾಯಿತು.

ಮೀಟರ್ ಸರಿ ಹೇಳುತ್ತಿದೆಯೇ ಅಂತ ನೋಡಲು ಕ್ಯಾಲಿಬ್ರೇಟರ್ ಬೇಕು. ಅದು 1,000 ಹರ್ಟ್ಸ್‌ನಲ್ಲಿ ಕರಾರುವಾಕ್ಕಾಗಿ 94 ಅಥವಾ 114 ಡೆಸಿಬೆಲ್ ಕೊಡುವ ಸಣ್ಣ ಸಾಧನ. ಒಂದು ಕಾಲೇಜಿನ ಲ್ಯಾಬ್‌ನಿಂದ ಎರಡು ದಿನಕ್ಕೆ ತಂದೆ. ಅದರ ಬಾಯಿ ಅರ್ಧ ಇಂಚಿನ ಮೈಕಿಗೆ ಮಾಡಿದ್ದು. ನನ್ನ ಮೈಕ್ ಅಕ್ಕಿ ಕಾಳಿಗಿಂತ ಸ್ವಲ್ಪ ದೊಡ್ಡದು. ಭೋಸರಿಯ ಒಂದು ಲೇತ್ ಅಂಗಡಿಯಲ್ಲಿ ನೈಲಾನ್ ರಾಡ್ ಕೊಟ್ಟು 12.7 ಮಿಲಿಮೀಟರ್ ಹೊರ ಅಳತೆಯ ಬುಶ್, ಅಂದರೆ ಸಣ್ಣ ಕೊಳವೆ, ಮಾಡಿಸಿ, ಒಳಗೆ ಮೈಕ್ ಕೂರಿಸಿದೆ. ಮೊದಲ ಸಲ 94ರ ಬದಲು 91.7 ಬಂತು. ಫಿಲ್ಟರ್ ತಪ್ಪಿದೆ ಅಂದುಕೊಂಡು ರಾತ್ರಿಯೆಲ್ಲ ಕೋಡ್ ನೋಡಿದೆ. ಕೋಡ್ ಸರಿ ಇತ್ತು. ಬುಶ್ ಸುತ್ತ ಗಾಳಿ ಸೋರುತ್ತಿತ್ತು. ರಬ್ಬರಿನ ಓ ರಿಂಗ್ ಹಾಕಿ, ಚೂರು ಗ್ರೀಸ್ ಸವರಿದ ಮೇಲೆ 93.8. ಉಳಿದ 0.2 ಅನ್ನು ಕೋಡ್‌ನಲ್ಲಿ ಸೇರಿಸಿದೆ.

ಕಾಟ ಕೊಟ್ಟದ್ದು

ಕಾರ್ಡ್‌ಗೆ ಬರೆಯುವಾಗ ನಡುನಡುವೆ ಸೆಕೆಂಡುಗಳೇ ಮಾಯವಾಗುತ್ತಿದ್ದವು. ಮೈಕ್ ಓದುವ ಕೆಲಸವನ್ನು ಚಿಪ್ಪಿನ ಒಂದು ಕೋರ್‌ಗೆ, ಬರೆಯುವುದನ್ನು ಇನ್ನೊಂದಕ್ಕೆ ಕೊಟ್ಟು, ನಿಮಿಷಕ್ಕೊಮ್ಮೆ ಮಾತ್ರ ಬರೆಸಿದೆ. ಸರಿಹೋಯಿತು. ವೈಫೈ ಆಫ್ ಮಾಡಿ, ವೇಗವನ್ನು 80 ಮೆಗಾಹರ್ಟ್ಸ್‌ಗೆ ಇಳಿಸಿದ ಮೇಲೆ ಬ್ಯಾಟರಿ 12 ಗಂಟೆಯ ಪಾಳಿ ದಾಟಿತು.

ಸೀಟ್ ಬೆಲ್ಟ್ ಅದಕ್ಕಿಂತ ಜಾಸ್ತಿ ಕಾಡಿತು. ನಮ್ಮ ಗಾಡಿಗಳಲ್ಲಿ ಡ್ರೈವರ್ ಕೂರುವುದು ಬಲಗಡೆ. ಕಿಟಕಿ ಅವರ ಬಲಕ್ಕೆ. ಸದ್ದು ಜಾಸ್ತಿ ಬೀಳುವುದು ಬಲಗಿವಿಗೆ, ಮೈಕ್ ಇರಬೇಕಾದದ್ದು ಬಲ ಹೆಗಲಿಗೆ. ಬೆಲ್ಟ್ ಹಾದುಹೋಗುವುದೂ ಅದೇ ಹೆಗಲ ಮೇಲೆ! ಗಾಡಿ ಕುಲುಕಿದಾಗಲೆಲ್ಲ ಬೆಲ್ಟ್ ಮೈಕನ್ನು ಉಜ್ಜುತ್ತಿತ್ತು. ಕೊನೆಗೆ ಪೆಟ್ಟಿಗೆಯನ್ನು ಎದೆಯ ಜೇಬಿಗೆ ಇಳಿಸಿ, ಮೈಕನ್ನು ಮಾತ್ರ ಒಂದು ಗೇಣು ವೈರ್‌ನಲ್ಲಿ ಹೆಗಲಪಟ್ಟಿಯ ಹೊರ ಅಂಚಿಗೆ ಪಿನ್ ಮಾಡಿದೆ. ಮೇಲೆ ಸ್ಪಂಜಿನ ಟೋಪಿ. ಕಾಕು ಖಾಕಿ ಬಟ್ಟೆಯ ಚೂರಿನಿಂದ ಅದಕ್ಕೊಂದು ಪುಟ್ಟ ಕುಣಿಕೆ ಹೊಲಿದು ಕೊಟ್ಟರು. ಇವತ್ತಿಗೂ ಅದೇ ಇದೆ.

ಆ ವೈರ್ ಹೊಸ ತೊಂದರೆ ತಂತು. ಒಂದು ರಾತ್ರಿ ಪಾಳಿ ಪೂರ್ತಿ ಒಂದೂ ಕಾಲ್ ಇರಲಿಲ್ಲ. ಕಾಕಾ ಕಂಟ್ರೋಲ್ ರೂಮಿನಲ್ಲಿ ಕೂತಿದ್ದರು. ಬೆಳಿಗ್ಗೆ ಡೋಸ್ ನೋಡಿದರೆ ಹತ್ತಿರ ಹತ್ತಿರ 200! ಗ್ರಾಫ್ ತೆಗೆದೆ. ಇಡೀ ರಾತ್ರಿ 50ರ ಆಸುಪಾಸಿನ ಚಪ್ಪಟೆ ಗೆರೆ. ಅದರ ಮೇಲೆ ಮುಳ್ಳಿನ ಹಾಗೆ ಸುಮಾರು 70 ಗೆರೆಗಳು ನೆಟ್ಟಗೆ ನಿಂತಿದ್ದವು. ಪ್ರತಿಯೊಂದೂ 108 ಡೆಸಿಬೆಲ್, ಮೂರು ನಾಲ್ಕು ಸೆಕೆಂಡ್ ಅಗಲ. ನಿಜವಾದ ಸದ್ದು ಹೀಗೆ ಅಳೆದು ಕತ್ತರಿಸಿದ ಹಾಗೆ ಇರುವುದಿಲ್ಲ, ಅಲ್ವಾ? ಏರುತ್ತದೆ, ಇಳಿಯುತ್ತದೆ. ಸಮಯ ಹಿಡಿದುಕೊಂಡು ಕಾಕಾನ ಜೊತೆ ಕೂತೆ. "2 ಗಂಟೆ 10 ನಿಮಿಷಕ್ಕ ಏನ್ ಮಾಡಾಕತ್ತಿದ್ರಿ?" "ರೌಂಡ್ ಹೋದವರಿಗೆ ವಾಕಿಟಾಕಿಯೊಳಗ ಕೇಳಿದೆ, ಎಲ್ಲಾ ಸರಿ ಐತೇನು ಅಂತ."

ವಾಕಿಟಾಕಿ! 5 ವ್ಯಾಟ್‌ನ ಸೆಟ್ಟು ಎಡ ಎದೆಯ ಮೇಲೆ. ಬಟನ್ ಒತ್ತಿದಾಗ ಹೊರಡುವ ರೇಡಿಯೊ ಅಲೆಯನ್ನು ನನ್ನ ಗೇಣುದ್ದದ ವೈರ್ ಆಂಟೆನಾದ ಹಾಗೆ ಹಿಡಿದು ಮೈಕಿಗೆ ಉಣಿಸುತ್ತಿತ್ತು. ಮನೆಯಲ್ಲಿ ಎಷ್ಟು ಪರೀಕ್ಷೆ ಮಾಡಿದರೂ ಇದು ಸಿಗುತ್ತಿರಲಿಲ್ಲ. ಮಾಮೂಲಿ ವೈರ್ ತೆಗೆದು ಶೀಲ್ಡ್ ಇರುವ, ಅಂದರೆ ಸುತ್ತ ಲೋಹದ ಹೊದಿಕೆ ಇರುವ ವೈರ್ ಹಾಕಿದೆ. ಪೆಟ್ಟಿಗೆಯ ಬಾಯಲ್ಲಿ ರೇಡಿಯೊ ಅಲೆ ತಡೆಯುವ ಫೆರೈಟ್ ಮಣಿ. ಮೈಕಿನ ಪವರ್ ಪಿನ್ನಿನ ಬುಡದಲ್ಲೇ 100 ಪಿಕೊಫ್ಯಾರಡ್ ಕೆಪಾಸಿಟರ್ ಬೆಸುಗೆ ಹಾಕಿದೆ. 108 ಇದ್ದದ್ದು 62ಕ್ಕೆ ಇಳಿಯಿತು. ಅಷ್ಟು ಡೋಸ್‌ನಲ್ಲಿ ಲೆಕ್ಕಕ್ಕೇ ಬರುವುದಿಲ್ಲ. ಅಲ್ಲಿಯವರೆಗಿನ ಎಲ್ಲ ದಾಖಲೆಯನ್ನೂ ಅಳಿಸಿ ಮೊದಲಿನಿಂದ ಶುರುಮಾಡಿದೆವು. ಮೂರು ವಾರದ ಕೆಲಸ ಹೋಯಿತು. ಆದರೆ ಒಬ್ಬರ ಕಿವಿಯ ಬಗ್ಗೆ ಮಾತಾಡುವಾಗ ಅನುಮಾನದ ಸಂಖ್ಯೆ ಇಟ್ಟುಕೊಳ್ಳಬಾರದು.

ಕೊನೆಯ ತಪ್ಪು ಮೈಕಿನ ಆಯ್ಕೆಯಲ್ಲೇ ಇತ್ತು. ಗರಿಷ್ಠ ಮಟ್ಟದ ಕಾಲಂ ನೋಡುತ್ತಿದ್ದಾಗ ಕಂಡಿತು. ಏರ್ ಹಾರ್ನ್ ಊದಿದ ಪ್ರತಿ ಸಲವೂ 120. ಹತ್ತಿರ ನಿಂತಾಗಲೂ 120, ನಾಲ್ಕು ಹೆಜ್ಜೆ ದೂರ ನಿಂತಾಗಲೂ 120. ಐಎನ್‌ಎಂಪಿ441ರ ಹೊಟ್ಟೆ ತುಂಬುವುದೇ ಅಲ್ಲಿಗೆ. ಅದಕ್ಕಿಂತ ಜೋರಿನ ಸದ್ದನ್ನು ಅದು ಕತ್ತರಿಸಿಬಿಡುತ್ತದೆ, ಡೋಸ್ ಕಡಿಮೆ ತೋರಿಸುತ್ತದೆ. 114ರ ಕ್ಯಾಲಿಬ್ರೇಟರ್‌ನಲ್ಲಿ ಪಾಸಾದ ಮೈಕ್ ಅದು. ಹಾಗಾಗಿ ತಪ್ಪು ಅಡಗಿಯೇ ಇತ್ತು. 130 ಡೆಸಿಬೆಲ್‌ವರೆಗೆ ತಾಳುವ ಐಎಂ69ಡಿ130 ಮೈಕಿನ ಸಣ್ಣ ಬೋರ್ಡ್ ತರಿಸಿದೆ. ಇದು ಸದ್ದನ್ನು ಅಂಕಿಯಾಗಿಸಿ ಕಳಿಸುವ ಭಾಷೆ ಬೇರೆ, ಪಿಡಿಎಂ. ಆದರೆ ಇಎಸ್‌ಪಿ32ಗೆ ಅದೂ ಬರುತ್ತದೆ. ಕ್ಲಾಕ್ 3.072 ಮೆಗಾಹರ್ಟ್ಸ್, 64ರಿಂದ ಭಾಗಿಸಿದರೆ ಮತ್ತೆ ಅದೇ 48,000. ಹೊಸ ಬುಶ್, ಹೊಸ ಕ್ಯಾಲಿಬ್ರೇಷನ್. ಬೇರೆಯವರಿಗೆ ನಾನು ಹೇಳುವುದಿಷ್ಟೇ. ಸೈರನ್ ಹತ್ತಿರ ಹೋಗುವ ಪೆಟ್ಟಿಗೆಗೆ ಮೊದಲ ದಿನದಿಂದಲೇ ಜಾಸ್ತಿ ತಾಳುವ ಮೈಕ್ ಹಾಕಿ.

ಒಂಬತ್ತು ಪಾಳಿ

ಫೆಬ್ರವರಿಯಲ್ಲಿ ನಂಬಬಹುದಾದ ಒಂಬತ್ತು ಪಾಳಿ ಸಿಕ್ಕವು. ಕಾಕಾನ ಮನೆಯ ಊಟದ ಮೇಜಿನ ಮೇಲೆ ಗ್ರಾಫ್‌ಗಳನ್ನು ಹರಡಿಕೊಂಡು ಕೂತೆವು.

ಸೈರನ್ ಹಾಕಿಕೊಂಡು ಹೋದದ್ದು ಎರಡೇ ಸಲ. ಒಮ್ಮೆ 9 ನಿಮಿಷದ ದಾರಿ, ಕಿಟಕಿ ತೆರೆದಿತ್ತು, ಸರಾಸರಿ 103. ಡೋಸ್ 120. ಇನ್ನೊಮ್ಮೆ ಅಷ್ಟೇ ದೂರ, ಕಿಟಕಿ ಮುಚ್ಚಿತ್ತು. ಸರಾಸರಿ 95, ಡೋಸ್ ಬರೀ 19. ಒಂದು ಗಾಜು ಇಷ್ಟು ಮಾಡುತ್ತದೆ! ಮೊದಲನೆಯದು ಗೋದಾಮಿನ ಹೊರಗೆ ರದ್ದಿ ಪೆಟ್ಟಿಗೆಗಳಿಗೆ ಹತ್ತಿದ ಬೆಂಕಿ. ಅಲ್ಲಿ ಮೂರು ಗಂಟೆ ಪಂಪ್ ಓಡಿತು. ಪ್ಯಾನೆಲ್ ಮುಂದೆ 94. ಲೆಕ್ಕ ಸುಲಭ, ಮೂರು ದಿನದ ಪಾಲು ಒಂದೇ ಸಂಜೆಗೆ.

ಆದರೆ ಅಂಥ ಸಂಜೆ ಅಪರೂಪ. ಒಂಬತ್ತರಲ್ಲಿ ಆರು ಹಗಲು ಪಾಳಿಗಳಿದ್ದವು. ಆ ಆರರಲ್ಲೂ ತಪ್ಪದೆ ಎದ್ದು ನಿಂತ ಒಂದು ಗುಡ್ಡ ಇತ್ತು, ಬೆಳಿಗ್ಗೆ ಪಾಳಿ ಶುರುವಾದ ಮೊದಲ 20 ನಿಮಿಷ. ಕಾಕಾ ಬೆರಳಿಟ್ಟು ನೋಡಿದರು. "ಇದು ಚೆಕಿಂಗ್ ಟೈಮ್," ಅಂದರು.

ಪ್ರತಿ ಬೆಳಿಗ್ಗೆ ಗಾಡಿಯ ಪರೀಕ್ಷೆ. ಎಂಜಿನ್ ಏರಿಸಿ ಪಂಪ್ ಓಡಿಸುವುದು. ಸೈರನ್‌ನ ಎಲ್ಲ ರಾಗಗಳನ್ನೂ ಒಮ್ಮೆ ಹಾಕಿ ನೋಡುವುದು. ಏರ್ ಹಾರ್ನ್. ಕತ್ತರಿಸುವ ಗರಗಸಕ್ಕೆ ಸ್ಟಾರ್ಟ್ ಕೊಡುವುದು. ಇದೆಲ್ಲ ನಡೆಯುವುದು ತಗಡಿನ ಛಾವಣಿ, ಸಿಮೆಂಟ್ ಗೋಡೆಯ ಶೆಡ್ಡಿನೊಳಗೆ. ಹಿಂದಿನ ಶಟರ್ ಮುಚ್ಚಿರುತ್ತದೆ. ಸದ್ದಿಗೆ ಹೊರಗೆ ಹೋಗಲು ದಾರಿ ಇಲ್ಲ, ಗೋಡೆಗೆ ಬಡಿದು ಮತ್ತೆ ಕಿವಿಗೇ ಬರುತ್ತದೆ. ಸರಾಸರಿ 99. ನಿಯೋಶ್ ಲೆಕ್ಕದಲ್ಲಿ 99 ಡೆಸಿಬೆಲ್‌ಗೆ ಅವಕಾಶ 19 ನಿಮಿಷ ಮಾತ್ರ. ಅಂದರೆ ಬೆಳಗಿನ ಚಹಾ ಬರುವ ಮೊದಲೇ ದಿನದ ಪಾಲು ಮುಗಿದು 106 ಆಗಿರುತ್ತದೆ. ಅದೇ 20 ನಿಮಿಷವನ್ನು ನಮ್ಮ ನಿಯಮಗಳ ಕೋಷ್ಟಕದಲ್ಲಿ ಹಾಕಿದರೆ ಸುಮಾರು 14 ಬರುತ್ತದೆ. ಕಾಗದದ ಮೇಲೆ ಏನೂ ಆಗಿಲ್ಲ. 26 ವರ್ಷ, ಹಗಲು ಪಾಳಿ ಇದ್ದ ಪ್ರತಿ ಬೆಳಿಗ್ಗೆ.

ನನಗೆ ತುಂಬ ನೋವಾದದ್ದು ಇಲ್ಲಿ. ಬೆಂಕಿ ಆರಿಸಲು ಹೋಗಿ ಕಿವಿ ಕಳೆದುಕೊಂಡಿದ್ದರೆ ಅದು ಕೆಲಸದ ಬೆಲೆ ಅನ್ನಬಹುದಿತ್ತು. ಇದು ಹಾಗಲ್ಲ. ಶೆಡ್ಡಿನೊಳಗೆ ನಿಂತು ಮಾಡಿದ್ದನ್ನು ಹತ್ತು ಹೆಜ್ಜೆ ಹೊರಗೆ ಮಾಡಿದ್ದರೆ ಉಳಿಯುತ್ತಿತ್ತು.

ಸಾಹೇಬರಿಗೆ ಗ್ರಾಫ್ ತೋರಿಸಿದೆವು. ಅವರು ಎರಡು ಸಲ ನೋಡಿದರು, ಮರುದಿನವೇ ಕ್ರಮ ಬದಲಿಸಿದರು. ಈಗ ಗಾಡಿಯನ್ನು ಅಂಗಳಕ್ಕೆ ತಂದು ಪರೀಕ್ಷೆ. ಸೈರನ್ 10 ಸೆಕೆಂಡ್ ಸಾಕು, ಬಾಗಿಲು ಕಿಟಕಿ ಮುಚ್ಚಿ, ಸುತ್ತ ಯಾರೂ ನಿಲ್ಲದೆ. ಅದೇ 20 ನಿಮಿಷಕ್ಕೆ ಈಗ ಸರಾಸರಿ 92. ಡೋಸ್ 106ರಿಂದ 21ಕ್ಕೆ ಬಂದಿದೆ. ಒಂದು ರೂಪಾಯಿ ಖರ್ಚಿಲ್ಲ. ಡೀಸೆಲ್ ಹೊಗೆಯೂ ಒಳಗೆ ನಿಲ್ಲುವುದಿಲ್ಲ. ಕಾರ್ಬನ್ ಮಾನಾಕ್ಸೈಡ್ ಮತ್ತು ಕೆಲವು ಸಾಲ್ವೆಂಟ್‌ಗಳು ಕಿವಿಗೆ ತಾವೇ ಕೆಟ್ಟವು, ಗದ್ದಲದ ಜೊತೆ ಸೇರಿದರೆ ಇನ್ನೂ ಕೆಟ್ಟವು. ಹಾಗಾಗಿ ಇದು ಎರಡು ಕಡೆಯಿಂದಲೂ ಲಾಭ.

ಪಂಪ್ ಬಳಿಯ 94 ಉಳಿದಿತ್ತು. ಅಲ್ಲಿಂದ ಕಾಕಾ ಸರಿಯುವ ಹಾಗಿಲ್ಲ. ಫೋಮ್ ಇಯರ್ ಪ್ಲಗ್ ಪ್ಯಾಕೆಟ್ ಮೇಲೆ 29 ಅಂತ ಬರೆದಿರುತ್ತದೆ, ಅಷ್ಟು ಡೆಸಿಬೆಲ್ ತಡೆಯುತ್ತದೆ ಅಂತ. ಅಷ್ಟೂ ಸಿಗುತ್ತದೆ ಅಂತ ನಂಬಬೇಡಿ. ಅದರಲ್ಲಿ 7 ಕಳೆದು ಉಳಿದದ್ದರ ಅರ್ಧ ಹಿಡಿಯುವುದು ರೂಢಿಯಲ್ಲಿರುವ ಎಚ್ಚರಿಕೆಯ ಲೆಕ್ಕ, 11. 94ರಿಂದ 11 ಹೋದರೆ 83. ಸಾಕು. "ಪ್ಲಗ್ ಹಾಕಿಕೊಂಡ್ರ ಆರ್ಡರ್ ಕೇಳಂಗಿಲ್ಲಲ್ಲೋ," ಅಂದರು ಕಾಕಾ. ಮಾತು ನಿಜ. ಆಗಲೇ ಕಿವಿ ಕೆಟ್ಟವರಿಗೆ ಪ್ಲಗ್ ಇನ್ನಷ್ಟು ಕಷ್ಟ. ನೀರು ಬಿಡು, ನೀರು ನಿಲ್ಲಿಸು ಅನ್ನುವುದಕ್ಕೆ ಕೈಸನ್ನೆ ಇದ್ದೇ ಇದೆ. ಆದರೆ ತುರ್ತಿನಲ್ಲಿ ಕೂಗಿದರೆ? ಕೊನೆಗೆ ವಾಕಿಟಾಕಿಯ ಧ್ವನಿ ಒಳಗೇ ಬರುವ, ಹೊರಗಿನ ಜೋರು ಸದ್ದನ್ನು ಮಾತ್ರ ತಡೆಯುವ ಇಯರ್ ಮಫ್ ಒಂದನ್ನು ಸ್ಟೇಷನ್‌ನವರು ತರಿಸಿದರು. ಕಾಕಾ ಈಗ ಅದನ್ನೇ ಹಾಕುತ್ತಾರೆ. ರೇಡಿಯೊ ಮೊದಲಿಗಿಂತ ಚೆನ್ನಾಗಿ ಕೇಳುತ್ತದೆ ಅನ್ನುತ್ತಾರೆ.

ಬಲಗಿವಿ

ಇಷ್ಟಾದ ಮೇಲೆ ಕಾಕಾ ಕಿವಿ ಪರೀಕ್ಷೆ ಮಾಡುವ ಆಡಿಯಾಲಜಿಸ್ಟ್ ಹತ್ತಿರ ಬರಲು ಒಪ್ಪಿದರು. ಪರೀಕ್ಷೆಗೆ ಮೊದಲು ಕನಿಷ್ಠ 14 ಗಂಟೆ ಗದ್ದಲದಿಂದ ದೂರ ಇರಬೇಕು. ಇಲ್ಲದಿದ್ದರೆ ಕಿವಿಯ ತಾತ್ಕಾಲಿಕ ದಣಿವೂ ಲೆಕ್ಕಕ್ಕೆ ಸೇರುತ್ತದೆ. ರಜೆಯ ಮರುದಿನ ಬೆಳಿಗ್ಗೆ ಕರೆದುಕೊಂಡು ಹೋದೆ. ಕಾಗದದ ಮೇಲಿನ ಗೆರೆ 2,000 ಹರ್ಟ್ಸ್‌ವರೆಗೆ ಸುಮಾರಾಗಿ ನೆಟ್ಟಗೆ ಬಂದು, 4,000ದಲ್ಲಿ ಗುಂಡಿಗೆ ಬಿದ್ದು, 8,000ದಲ್ಲಿ ಮತ್ತೆ ಎದ್ದಿತ್ತು. ಅಲ್ಲಿ ಸದ್ದು ಕೇಳಿಸಲು ಎಡಗಿವಿಗೆ 40 ಡೆಸಿಬೆಲ್ ಬೇಕು, ಬಲಗಿವಿಗೆ 55. ಕಿಟಕಿ ಇರುವ ಕಡೆ. "ಇದು ಗದ್ದಲದ ಗುರುತು," ಅಂದರು ಅವರು. ಕಾಕಾ ಗೆರೆಯ ಆ ಗುಂಡಿಯನ್ನೇ ತುಂಬ ಹೊತ್ತು ನೋಡಿದರು. ಆಮೇಲೆ, ರಾತ್ರಿ ಮಲಗಿದಾಗ ಬಲಗಿವಿಯಲ್ಲಿ ಜೀರುಂಡೆ ಕೂಗುತ್ತದೆ ಅಂತ ಮೊದಲ ಸಲ ಬಾಯಿಬಿಟ್ಟರು. ಎಷ್ಟು ವರ್ಷದಿಂದ ಅಂತ ಕೇಳಿದ್ದಕ್ಕೆ ಬೆರಳು ಮಡಚಿ ಎಣಿಸಿದರು. ಹನ್ನೊಂದು. ಕಾಕುಗೂ ಹೇಳಿರಲಿಲ್ಲ.

ಶ್ರವಣ ಸಾಧನ ಹಾಕಿ ನೋಡುವುದು ಮುಂದಿನ ತಿಂಗಳು.

ಏಪ್ರಿಲ್ 14 ಅಗ್ನಿಶಾಮಕ ದಿನ. 1944ರಲ್ಲಿ ಅದೇ ದಿನ ಮುಂಬೈ ವಿಕ್ಟೋರಿಯಾ ಡಾಕ್‌ನಲ್ಲಿ ಫೋರ್ಟ್ ಸ್ಟಿಕೈನ್ ಹಡಗು ಸಿಡಿದು 66 ಅಗ್ನಿಶಾಮಕರು ಸತ್ತರು. ಅವರ ನೆನಪಿಗೆ ಒಂದು ವಾರ ಎಲ್ಲ ಸ್ಟೇಷನ್‌ಗಳಲ್ಲೂ ಪ್ರದರ್ಶನ ಇರುತ್ತದೆ. ಈ ಸಲ ನಾನೂ ಹೋಗಿದ್ದೆ. ಶಾಲೆ ಮಕ್ಕಳು ಸಾಲಾಗಿ ನಿಂತಿದ್ದರು. ಸೈರನ್ ಹಾಕುವ ಮೊದಲು ಕಾಕಾ ಅವರನ್ನು ಗಾಡಿಯಿಂದ ಇಪ್ಪತ್ತು ಹೆಜ್ಜೆ ಹಿಂದೆ ಕಳಿಸಿ, ಕಿವಿ ಮುಚ್ಚಿಕೊಳ್ಳಲು ಹೇಳಿ, ಎಲ್ಲರೂ ಮುಚ್ಚಿಕೊಂಡರೇ ಅಂತ ಒಬ್ಬೊಬ್ಬರನ್ನೇ ನೋಡಿ, ತಾವು ಮಫ್ ಹಾಕಿಕೊಂಡು ಕ್ಯಾಬಿನ್ ಹತ್ತಿದರು.

ಅವರ ಜೊತೆ ಈ ವರ್ಷ ಸೇರಿದ 23ರ ಹುಡುಗನೊಬ್ಬ ಇದ್ದಾನೆ, ಇಂಡಿ ಕಡೆಯವನು. ಅವನ ಕಿವಿ ಇನ್ನೂ ಪೂರ್ತಿ ಇದೆ. ಎರಡನೇ ಪೆಟ್ಟಿಗೆ ಅವನಿಗೆ. ಮೈಕ್ ಬಂದಿದೆ, ಶೀಲ್ಡ್ ವೈರ್ ಕತ್ತರಿಸಿಟ್ಟಿದ್ದೇನೆ, ಭೋಸರಿಯಲ್ಲಿ ಬುಶ್‌ಗೆ ಹೇಳಿ ಬಂದಿದ್ದೇನೆ. ಖಾಕಿ ಕುಣಿಕೆಯನ್ನು ಕಾಕು ಆಗಲೇ ಹೊಲಿದಿದ್ದಾರೆ.